ಕುಡಿಯುವ ನೀರಿನ ಕೊಳವೆಬಾವಿ ಮೋಟಾರು: ವಿದ್ಯುನ್ಮಾನ ರಕ್ಷಣಾ ಸಾಧನದ ಬಳಕೆ ಮತ್ತು ಪರೀಕ್ಷೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪೀಠಿಕೆ

ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರು ಸುಟ್ಟುಹೋದಲ್ಲಿ, ಅದನ್ನು ಮೇಲಕ್ಕೆತ್ತಿ, ಕಾಯಿಲ್ ಕಟ್ಟಿಸಿ, ಪುನಃ ಇಳಿಸುವವರೆಗೆ ಆ ಬಾವಿಯನ್ನೇ ನಂಬಿದ ಜನವಸತಿಗೆ ನೀರು ಇರುವುದಿಲ್ಲ. ದುರಸ್ತಿಯ ವೆಚ್ಚ ಮತ್ತು ಟ್ಯಾಂಕರ್ ನೀರಿನ ವೆಚ್ಚ ಎರಡೂ ಪಂಚಾಯತಿ ನಿಧಿಯ ಮೇಲೆ ಬೀಳುತ್ತವೆ. ದುರಸ್ತಿ ಬಿಲ್ಲಿಗೆ ಅನುಮೋದನೆ ನೀಡುವ ಸಭೆಯು ಮೋಟಾರು ಏಕೆ ಸುಟ್ಟಿತು ಎಂಬ ಪ್ರಶ್ನೆಯನ್ನೂ ಕೇಳಬೇಕು. ಅದಕ್ಕೆ ಅಗತ್ಯವಾದ ತಿಳಿವಳಿಕೆಯನ್ನು ಒದಗಿಸುವುದು ಈ ಪಾಠದ ಉದ್ದೇಶ.

1. ಮೋಟಾರು ಸುಡಲು ಕಾರಣಗಳು

ಅ) ಒಂದು ಫೇಸ್ ತಪ್ಪುವುದು: ಓಡುತ್ತಿರುವ ಮೂರು ಫೇಸ್ ಮೋಟಾರಿಗೆ ಒಂದು ಫೇಸ್ ನಿಂತರೆ ಮೋಟಾರು ನಿಲ್ಲುವುದಿಲ್ಲ. ಅದೇ ಹೊರೆಯನ್ನು ಎರಡೇ ತಂತಿಗಳು ಹೊರಬೇಕಾಗುವುದರಿಂದ ಅವುಗಳಲ್ಲಿ ಕರೆಂಟ್ ಸುಮಾರು 1.7 ಪಟ್ಟು ಆಗುತ್ತದೆ ಮತ್ತು ಕಾಯಿಲ್ ಬೇಗನೆ ಕಾಯುತ್ತದೆ.

ಆ) ನೀರಿಲ್ಲದೆ ಓಡುವುದು: ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದು ಸುತ್ತಲೂ ಹರಿಯುವ ನೀರು. ನೀರಿನ ಮಟ್ಟ ಪಂಪಿಗಿಂತ ಕೆಳಗಿಳಿದರೆ ಪಂಪು ಮತ್ತು ಮೋಟಾರು ಎರಡೂ ಹಾಳಾಗುತ್ತವೆ. ಬೇಸಿಗೆಯಲ್ಲಿ ಈ ಅಪಾಯ ಹೆಚ್ಚು.

ಇ) ಅಧಿಕ ಹೊರೆ, ಕಡಿಮೆ ಓಲ್ಟೇಜ್ ಮತ್ತು ಫೇಸ್‌ಗಳ ಅಸಮತೋಲನ: ಮೂರು ಫೇಸ್‌ಗಳ ಓಲ್ಟೇಜಿನಲ್ಲಿ ಅಲ್ಪ ವ್ಯತ್ಯಾಸವಿದ್ದರೂ ಕರೆಂಟಿನ ವ್ಯತ್ಯಾಸ ಅದರ ಹಲವು ಪಟ್ಟು ಆಗುತ್ತದೆ.

2. ಸಾಧನವು ಕೆಲಸ ಮಾಡುವ ಕ್ರಮ

ರೂಢಿಯಲ್ಲಿ ಪ್ರಿವೆಂಟರ್ ಎಂದು ಕರೆಯಲಾಗುವ ಈ ಸಾಧನವು ಸ್ಟಾರ್ಟರ್ ಪ್ಯಾನಲ್ಲಿನೊಳಗೆ ಇರುತ್ತದೆ. ಇದರಲ್ಲಿ ಎರಡು ವಿಧಗಳಿವೆ. ಓಲ್ಟೇಜನ್ನು ಮಾತ್ರ ಗಮನಿಸುವ ಸಾಧನವು ಕೆಲವೊಮ್ಮೆ ಮೋಸಹೋಗುತ್ತದೆ. ಏಕೆಂದರೆ ಓಡುತ್ತಿರುವ ಮೋಟಾರು ತಪ್ಪಿದ ಫೇಸಿನ ಮೇಲೆ ತಾನೇ ಓಲ್ಟೇಜನ್ನು ಹುಟ್ಟಿಸುತ್ತದೆ. ಕರೆಂಟನ್ನು ಅಳೆಯುವ ಸಾಧನಕ್ಕೆ ಆ ಫೇಸಿನಲ್ಲಿ ಕರೆಂಟ್ ಶೂನ್ಯವಾದುದು ಸ್ಪಷ್ಟವಾಗಿ ತಿಳಿಯುತ್ತದೆ. ಖರೀದಿಯ ಸಂದರ್ಭದಲ್ಲಿ ಎರಡನ್ನೂ ಗಮನಿಸುವ, ನೀರಿಲ್ಲದ ಓಟವನ್ನೂ ತಡೆಯುವ ಸಾಧನವನ್ನು ಆಯ್ಕೆ ಮಾಡುವುದು ಸೂಕ್ತ.

ದೋಷ ಕಂಡಾಗ ಸಾಧನವು ಮೋಟಾರಿನ ದೊಡ್ಡ ತಂತಿಗಳನ್ನು ನೇರವಾಗಿ ಕಡಿಯುವುದಿಲ್ಲ. ಕಾಂಟ್ಯಾಕ್ಟರ್ ಕಾಯಿಲಿಗೆ ಹೋಗುವ ಸಣ್ಣ ತಂತಿಯ ಸಂಪರ್ಕವನ್ನು ಕಡಿಯುತ್ತದೆ. ಆಗ ಕಾಂಟ್ಯಾಕ್ಟರ್ ಬಿಟ್ಟುಕೊಂಡು ಮೋಟಾರು ನಿಲ್ಲುತ್ತದೆ. ಈ ಸಣ್ಣ ತಂತಿಯ ಎರಡು ತುದಿಗಳನ್ನು ನೇರವಾಗಿ ಸೇರಿಸಿಬಿಟ್ಟರೆ ಸಾಧನದ ದೀಪ ಉರಿಯುತ್ತಲೇ ಇರುತ್ತದೆ, ಆದರೆ ರಕ್ಷಣೆ ಇರುವುದಿಲ್ಲ. ಜನರು ನೀರಿಗಾಗಿ ಒತ್ತಾಯಿಸುವಾಗ ಪದೇ ಪದೇ ಟ್ರಿಪ್ ಆಗುವ ಸಾಧನವನ್ನು ಹೀಗೆ ಬೈಪಾಸ್ ಮಾಡುವ ಪ್ರಸಂಗಗಳು ಉಂಟು. ಅಂದಿಗೆ ನೀರು ದೊರೆಯಬಹುದು; ಮುಂದೆ ಮೋಟಾರು ಸುಟ್ಟಾಗ ಹಲವು ದಿನಗಳ ನೀರು ನಿಲ್ಲುತ್ತದೆ.

3. ಹೊಂದಾಣಿಕೆ

ಅಧಿಕ ಹೊರೆಯ ಮಿತಿಯನ್ನು ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರಿಗಿಂತ ಹೆಚ್ಚು ಇಡಬಾರದು. ನಾಮಫಲಕವು ಬಾವಿಯೊಳಗೆ ಹೋಗುವುದರಿಂದ, ಮೋಟಾರು ಇಳಿಸುವ ಮುನ್ನವೇ ಅದರ ವಿವರಗಳನ್ನು ಪ್ಯಾನಲ್ ಬಾಗಿಲಿನ ಒಳಭಾಗದಲ್ಲಿ ಬರೆಸತಕ್ಕದ್ದು.

ನೀರಿಲ್ಲದೆ ಓಡುವಾಗ ಹೊರೆ ಇಳಿದು ಕರೆಂಟ್ ಕಡಿಮೆಯಾಗುತ್ತದೆ. ಆದ್ದರಿಂದ ಕನಿಷ್ಠ ಕರೆಂಟಿನ ಮಿತಿಯನ್ನು, ನೀರು ಸರಿಯಾಗಿ ಬರುತ್ತಿರುವಾಗ ಅಳೆದ ಕರೆಂಟಿಗಿಂತ ಕಡಿಮೆಯಾಗಿ ಇಡಬೇಕು. ಉದಾಹರಣೆಗೆ, ಓಡುವ ಕರೆಂಟ್ 12 ಆಂಪಿಯರ್ ಇದ್ದಲ್ಲಿ ಮಿತಿಯನ್ನು 9 ಆಂಪಿಯರಿನ ಆಸುಪಾಸಿನಲ್ಲಿ ಇಡಬಹುದು. ತಯಾರಕರ ಕೈಪಿಡಿಯ ಸೂಚನೆಯೇ ಅಂತಿಮ. ನೀರು ಬತ್ತಿ ನಿಂತ ಮೋಟಾರು ಪುನಃ ಚಾಲೂ ಆಗುವ ಅವಧಿಯನ್ನು ಆ ಬಾವಿಯಲ್ಲಿ ನೀರು ಊರುವ ವೇಗಕ್ಕೆ ತಕ್ಕಂತೆ ನಿಗದಿಪಡಿಸಬೇಕು.

ಮೋಟಾರು ನಿಂತ ಕೂಡಲೇ ಮತ್ತೆ ಚಾಲೂ ಮಾಡಬಾರದು. ಪೈಪಿನ ನೀರು ಕೆಳಗಿಳಿಯುವಾಗ ಪಂಪು ಹಿಮ್ಮುಖವಾಗಿ ತಿರುಗುತ್ತಿರಬಹುದು. ಆಗ ಚಾಲೂ ಮಾಡಿದರೆ ಶಾಫ್ಟ್ ಮುರಿಯುವ ಸಂಭವವಿದೆ.

4. ಪರೀಕ್ಷೆ

ಪರೀಕ್ಷೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಮಾತ್ರ ಮಾಡತಕ್ಕದ್ದು. ಸದಸ್ಯರು ದೂರದಲ್ಲಿ ನಿಂತು ವೀಕ್ಷಿಸಬೇಕು. ಪ್ಯಾನಲ್ಲಿನ ಒಳಗೆ ಕೈಹಾಕಬಾರದು.

ಅ) ಮುಖ್ಯ ಸ್ವಿಚ್ ತೆಗೆದು, ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಂಡ ನಂತರ ಅರ್ಥಿಂಗ್ ತಂತಿ, ಸಡಿಲ ಸ್ಕ್ರೂ, ಕಪ್ಪಾದ ತುದಿ, ಹಲ್ಲಿ ಹಾಗೂ ಇರುವೆ ಗೂಡುಗಳನ್ನು ನೋಡಬೇಕು. ಬೈಪಾಸ್ ತಂತಿ ಇದೆಯೇ ಎಂಬುದನ್ನು ಇದೇ ಹಂತದಲ್ಲಿ ಪರಿಶೀಲಿಸಬೇಕು.

ಆ) ಮೋಟಾರು ಓಡುವಾಗ ಟೆಸ್ಟ್ ಬಟನ್ ಒತ್ತಿದರೆ ಕಾಂಟ್ಯಾಕ್ಟರ್ ಬಿಡಲೇಬೇಕು. ದೀಪ ಮಾತ್ರ ಬದಲಾಗಿ ಮೋಟಾರು ಓಡುತ್ತಲೇ ಇದ್ದರೆ ಬೈಪಾಸ್ ಆಗಿರಬಹುದು, ಇಲ್ಲವೇ ಕಾಂಟ್ಯಾಕ್ಟರ್ ಅಂಟಿಕೊಂಡಿರಬಹುದು.

ಇ) ಮುಖ್ಯ ಸ್ವಿಚ್ ತೆಗೆದು ಒಂದು ಫೇಸಿನ ಫ್ಯೂಸ್ ಕಳಚಿ, ಪುನಃ ಸ್ವಿಚ್ ಹಾಕಿ ಸ್ಟಾರ್ಟ್ ಬಟನ್ ಒತ್ತಬೇಕು. ಮೋಟಾರು ಚಾಲೂ ಆಗಬಾರದು, ಅಥವಾ ಕೆಲವೇ ಸೆಕೆಂಡುಗಳಲ್ಲಿ ಟ್ರಿಪ್ ಆಗಬೇಕು. ಟ್ರಿಪ್ ಆಗದೆ ಗುಂಯ್ಗುಟ್ಟಿದರೆ 5 ಸೆಕೆಂಡು ಮೀರದಂತೆ ನಿಲ್ಲಿಸಬೇಕು. ಇದನ್ನು ಮೂರೂ ಫೇಸ್‌ಗಳಿಗೆ ಪ್ರತ್ಯೇಕವಾಗಿ, ನಡುವೆ ಬಿಡುವು ಕೊಟ್ಟು ಮಾಡತಕ್ಕದ್ದು. ಕಾಂಟ್ಯಾಕ್ಟರ್ ಕಾಯಿಲಿಗೆ ಎರಡು ಫೇಸ್‌ಗಳಿಂದ ವಿದ್ಯುತ್ ಪಡೆಯುವ ಸ್ಟಾರ್ಟರಿನಲ್ಲಿ, ಆ ಎರಡರಲ್ಲಿ ಒಂದನ್ನು ತೆಗೆದರೆ ಪ್ರಿವೆಂಟರ್ ಕೆಟ್ಟಿದ್ದರೂ ಮೋಟಾರು ಚಾಲೂ ಆಗುವುದಿಲ್ಲ. ಅಲ್ಲಿ ಮೂರನೆಯ ಫೇಸ್ ತೆಗೆದು ನೋಡುವುದೇ ನಿಜವಾದ ಪರೀಕ್ಷೆ.

ಈ) ನೀರಿಲ್ಲದ ಓಟವನ್ನು ಪರೀಕ್ಷಿಸಲು ಬಾವಿಯನ್ನು ಬತ್ತಿಸಬೇಕಾಗಿಲ್ಲ. ಮೋಟಾರು ಓಡುವಾಗ ಕನಿಷ್ಠ ಕರೆಂಟಿನ ಮಿತಿಯನ್ನು ನಿಧಾನವಾಗಿ ಏರಿಸುತ್ತಾ ಹೋದರೆ, ಓಡುವ ಕರೆಂಟನ್ನು ದಾಟಿದಾಗ ಸಾಧನವು ಟ್ರಿಪ್ ಆಗಬೇಕು. ಅಧಿಕ ಹೊರೆಯ ಮಿತಿಯನ್ನು ಇಳಿಸುವ ಮೂಲಕ ಅದನ್ನೂ ಹೀಗೆಯೇ ಪರೀಕ್ಷಿಸಬಹುದು. ಬಳಿಕ ಎರಡೂ ಮಿತಿಗಳನ್ನು ಮೊದಲಿನ ಸ್ಥಾನಕ್ಕೆ ತರಲು ಮರೆಯಬಾರದು.

ಉ) ಕ್ಲ್ಯಾಂಪ್ ಮೀಟರಿನಿಂದ ಮೂರು ಫೇಸ್‌ಗಳ ಕರೆಂಟ್ ಅಳೆಯಬೇಕು. ಸರಾಸರಿಯಿಂದ ಅತಿ ಹೆಚ್ಚು ದೂರವಿರುವ ಅಳತೆಯ ವ್ಯತ್ಯಾಸವನ್ನು ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ ಅಸಮತೋಲನ ದೊರೆಯುತ್ತದೆ. 14, 15, 16 ಆಂಪಿಯರ್ ಇದ್ದರೆ ಸರಾಸರಿ 15, ವ್ಯತ್ಯಾಸ 1, ಅಸಮತೋಲನ ಶೇ. 6.7. ಇದು ಶೇ. 5ರೊಳಗೆ ಇರುವುದು ಉತ್ತಮ; ಶೇ. 10 ಮೀರಿದರೆ ಕಾರಣ ಹುಡುಕಲೇಬೇಕು.

5. ಟ್ರಿಪ್ ಆದಾಗ

ಮೊದಲು ಯಾವ ದೀಪ ಉರಿದಿದೆ ಎಂಬುದನ್ನು ಬರೆದುಕೊಳ್ಳಬೇಕು. ರಿಸೆಟ್ ಒತ್ತಿದರೆ ಆ ಮಾಹಿತಿ ಅಳಿದುಹೋಗಬಹುದು. ಫೇಸ್ ದೋಷವಾದರೆ ವಿದ್ಯುತ್ ಸರಬರಾಜು ಕಂಪನಿಯ ಶಾಖೆಗೆ ತಿಳಿಸಬೇಕು. ಪರಿವರ್ತಕದ ದುರಸ್ತಿಯ ನಂತರ ಫೇಸ್ ಕ್ರಮ ಬದಲಾಗಿದೆ ಎಂದು ತೋರಿಸಿದರೆ ಎರಡು ತಂತಿಗಳನ್ನು ಅದಲುಬದಲು ಮಾಡಿಸಬೇಕು. ನೀರಿನ ಕೊರತೆಯ ಸೂಚನೆ ಪದೇ ಪದೇ ಬಂದರೆ ಬಾವಿಯ ಇಳುವರಿ ಇಳಿದಿದೆ ಎಂದು ಭಾವಿಸಿ, ಪಂಪು ಓಡಿಸುವ ಅವಧಿಯನ್ನು ಕಡಿತಗೊಳಿಸಬೇಕು. ಕಾರಣ ನೋಡಿದ ಮೇಲೆ ಒಮ್ಮೆ ಮಾತ್ರ ರಿಸೆಟ್ ಮಾಡಬಹುದು. ಮತ್ತೆ ಟ್ರಿಪ್ ಆದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಕಾಯತಕ್ಕದ್ದು.

6. ಸದಸ್ಯರ ಕರ್ತವ್ಯ

ಪ್ರತಿ ಪಂಪ್‌ಹೌಸಿನಲ್ಲಿ ದಾಖಲೆ ಪುಸ್ತಕವಿರಬೇಕು. ಅದರಲ್ಲಿ ಮೂರು ಓಲ್ಟೇಜ್, ಮೂರು ಕರೆಂಟ್, ಟ್ರಿಪ್ ಆದ ದಿನ ಮತ್ತು ಕಾರಣ ನಮೂದಾಗಬೇಕು. ಬೇಸಿಗೆಗೆ ಮುನ್ನ ಮತ್ತು ಮಳೆಗಾಲದ ನಂತರ ಸಾಧನವನ್ನು ಪರೀಕ್ಷಿಸಲು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯು ನಿರ್ಣಯ ಕೈಗೊಳ್ಳಬಹುದು. ಕಾಯಿಲ್ ಕಟ್ಟಿಸಿದ ಬಿಲ್ಲಿನೊಂದಿಗೆ, ಸುಟ್ಟ ದಿನದ ದಾಖಲೆಯನ್ನೂ ಸಭೆಯ ಮುಂದೆ ಇಡುವಂತೆ ಕೋರಬೇಕು.

ನೀರುಗಂಟಿಯನ್ನು ಒಂಟಿಯಾಗಿ ಹೊಣೆ ಮಾಡುವುದು ಸರಿಯಲ್ಲ. ಸಾಧನವು ಟ್ರಿಪ್ ಆಗಿ ನೀರು ತಡವಾದ ದಿನ ಗ್ರಾಮಸ್ಥರಿಗೆ ಕಾರಣವನ್ನು ವಿವರಿಸಿ ಹೇಳುವವರು ಸದಸ್ಯರೇ ಆದರೆ, ಬೈಪಾಸ್ ಮಾಡುವ ಒತ್ತಡ ಆತನ ಮೇಲೆ ಬೀಳುವುದಿಲ್ಲ.

ಅಭ್ಯಾಸ

1. ನಿಮ್ಮ ವಾರ್ಡಿನ ಕೊಳವೆಬಾವಿಯ ಸಾಧನವು ಕರೆಂಟನ್ನು ಅಳೆಯುತ್ತದೆಯೇ, ಓಲ್ಟೇಜನ್ನು ಮಾತ್ರವೇ? ವಿಚಾರಿಸಿ ಬರೆಯಿರಿ.
2. ಕರೆಂಟ್ 10, 12, 14 ಆಂಪಿಯರ್ ಇದ್ದಲ್ಲಿ ಅಸಮತೋಲನ ಎಷ್ಟು? ಮುಂದಿನ ಕ್ರಮವೇನು? (ಉತ್ತರ: ಶೇ. 16.7, ಎಲೆಕ್ಟ್ರಿಷಿಯನ್‌ನಿಂದ ಕೂಡಲೇ ತಪಾಸಣೆ.)
3. ಫ್ಯೂಸ್ ತೆಗೆದು ಮಾಡುವ ಪರೀಕ್ಷೆಯನ್ನು ಒಂದೇ ಫೇಸಿಗೆ ಮಾಡಿದರೆ ಸಾಲದು, ಏಕೆ?