ಸಂಶೋಧನೆಗೆ ಬೇಕಾದ ವಾತಾವರಣ



ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವಾಗ ಪೋಷಕರು ಕೇಳುವುದುಂಟು: "ಮೇಷ್ಟ್ರೇ, ಎಂ.ಎಸ್ಸಿ. ಮುಗಿಯಿತಲ್ಲ, ಇನ್ನೂ ನಾಲ್ಕೈದು ವರ್ಷ ಏತಕ್ಕೆ?" ಉತ್ತರವಾಗಿ ಅಜೀಜ್ ಸಂಜಾರ್ ಅವರ ಬದುಕನ್ನು ನೋಡೋಣ.

ಅವರು 1946ರಲ್ಲಿ ತುರ್ಕಿಯ ಸವೂರ್ ಎಂಬ ಸಣ್ಣ ಊರಲ್ಲಿ ಹುಟ್ಟಿದರು. ಎಂಟು ಮಕ್ಕಳಲ್ಲಿ ಏಳನೆಯವರು. ತಂದೆ-ತಾಯಿ ಓದಿದವರಲ್ಲ, ಆದರೆ ಮಕ್ಕಳನ್ನು ಓದಿಸುವ ಹಠವಿತ್ತು. ಇಸ್ತಾಂಬುಲ್‌ನಲ್ಲಿ ವೈದ್ಯ ಪದವಿ ಪಡೆದು, ಊರ ಕಡೆ ವೈದ್ಯರಾಗಿ ದುಡಿದು, ನಂತರ ಅಮೆರಿಕದ ಡಲ್ಲಾಸ್‌ನಲ್ಲಿ ಕ್ಲಾಡ್ ರೂಪರ್ಟ್ ಅವರ ಪ್ರಯೋಗಾಲಯ ಸೇರಿದರು.

ನೇರಳಾತೀತ ಕಿರಣದಿಂದ ಸಾಯುತ್ತಿರುವ ಬ್ಯಾಕ್ಟೀರಿಯಾಗಳು ನೀಲಿ ಬೆಳಕು ಬಿದ್ದರೆ ಚೇತರಿಸಿಕೊಳ್ಳುತ್ತವೆ. ಇದಕ್ಕೆ ಕಾರಣವಾದ ಕಿಣ್ವವನ್ನು ಕಂಡುಹಿಡಿದವರು ರೂಪರ್ಟ್. 1976ರಲ್ಲಿ ಅದರ ಜೀನನ್ನು ಬೇರ್ಪಡಿಸಿ ತದ್ರೂಪು ಮಾಡಿದವರು ಶಿಷ್ಯ ಸಂಜಾರ್. ಪ್ರಶ್ನೆ ಗುರುವಿನದು, ಹೊಸ ದಾರಿ ಶಿಷ್ಯನದು.

ಮುಂದೆ ಮೂರು ಕಡೆ ಕೆಲಸ ಕೇಳಿದರು, ಮೂರೂ ಕಡೆ ಇಲ್ಲವೆಂದರು. ಡಾಕ್ಟರೇಟ್ ಪಡೆದವರು ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯದ ತಂತ್ರಜ್ಞನ ಕೆಲಸಕ್ಕೆ ಸೇರಿದರು. ಅಲ್ಲಿ ಡಿಎನ್‌ಎ ದುರಸ್ತಿಯ ಅಧ್ಯಯನವೇ ನಡೆಯುತ್ತಿತ್ತು. ಹಾಗಾಗಿ ಹುದ್ದೆ ಸಣ್ಣದಾದರೂ ಕೆಲಸ ನಿಲ್ಲಲಿಲ್ಲ. ಹಾನಿಯಾದ ಭಾಗದ ಎರಡೂ ಬದಿ ಕತ್ತರಿಸಿ ತೆಗೆಯುವ ಕಿಣ್ವಗಳ ಕೆಲಸವನ್ನು 1983ರಲ್ಲಿ ಪ್ರಕಟಿಸಿದರು. 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡರು.

ಪಿಎಚ್.ಡಿ. ಸೇರುವ ಮಕ್ಕಳು ಕಟ್ಟಡ ನೋಡಿ ಮರುಳಾಗದೆ ಮೂರು ಮಾತು ವಿಚಾರಿಸಲಿ:

1. ಮಾರ್ಗದರ್ಶಕರು ಈಗಲೂ ಸ್ವತಃ ಸಂಶೋಧನೆ ಮಾಡುತ್ತಿದ್ದಾರೆಯೇ?
2. ವಿದ್ಯಾರ್ಥಿ ತನ್ನದೇ ವಿಧಾನ ಪ್ರಯತ್ನಿಸಿ ಸೋತರೆ ಗದರುತ್ತಾರೆಯೇ, ಕೂತು ಚರ್ಚಿಸುತ್ತಾರೆಯೇ?
3. ಹಿರಿಯ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ? ಇದನ್ನು ಅವರನ್ನೇ ಕೇಳಿ.

ದಾನಿಗಳಲ್ಲಿ ಒಂದು ಅರಿಕೆ. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ನಿಂತಿದೆ. ಪ್ರವೇಶ ಶುಲ್ಕಕ್ಕೆ ಕೊಡುವವರು ಅನೇಕರಿದ್ದಾರೆ. ಆದರೆ ಮಕ್ಕಳು ಬಿಟ್ಟುಬರುವುದು ಮೂರನೇ ವರ್ಷದಲ್ಲಿ, ಪ್ರಯೋಗ ಫಲ ಕೊಡದೆ ಮನೆಯವರ ತಾಳ್ಮೆ ಮುಗಿದಾಗ. ಆ ವರ್ಷದ ಹಾಸ್ಟೆಲ್ ಖರ್ಚನ್ನು ಯಾರಾದರೂ ವಹಿಸಿಕೊಂಡರೆ ಅದೂ ಸದಖಾ ಜಾರಿಯಾ ಆಗುತ್ತದೆ.

ಪೋಷಕರೇ, ಮಗಳು "ಇನ್ನೂ ಫಲಿತಾಂಶ ಬಂದಿಲ್ಲ ಅಬ್ಬಾ" ಎಂದಾಗ ಅವಳನ್ನು ವಾಪಸು ಕರೆಸಬೇಡಿ. ಅವಳು ಕಲಿಯುತ್ತಿರುವುದು ಆಗಲೇ.

ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ. ಆಮೀನ್.