ಬಣ್ಣಕ್ಕೊಂದು ಅಳತೆಗೋಲು

ಬಟ್ಟೆಯನ್ನು ಮೊಳದಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಮಾರುವವನ ಮೊಳಕ್ಕೂ ಕೊಳ್ಳುವವನ ಮೊಳಕ್ಕೂ ಜಗಳವಾಗುವುದು ಸಹಜವಾಗಿತ್ತು. ಮೀಟರು ಬಳಕೆಗೆ ಬಂದಮೇಲೆ ಆ ಜಗಳ ತೀರಿತು. ಬಣ್ಣದ ವಿಷಯದಲ್ಲಾದರೋ ನಾವು ಬಹುಮಟ್ಟಿಗೆ ಇನ್ನೂ ಮೊಳದ ಕಾಲದಲ್ಲಿಯೇ ಇದ್ದೇವೆ. ಕೇಸರಿ ಎಂದೊಡನೆ ಒಬ್ಬನಿಗೆ ಕನಕಾಂಬರದ ನೆನಪಾದರೆ ಇನ್ನೊಬ್ಬನಿಗೆ ಚೆಂಡುಹೂವಿನ ನೆನಪಾಗುವುದು. ಮಾತುಕತೆಗೆ ಇಷ್ಟು ಸಾಕು. ಅಚ್ಚಿನ ಕೆಲಸಕ್ಕೆ ಸಾಲದು.

ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ಒಂದು ಕಾಲೇಜಿನ ವಿದ್ಯಾರ್ಥಿಗಳು ತಮ್ಮ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆ ರಾಷ್ಟ್ರಧ್ವಜದ ಚಿತ್ರವನ್ನು ಆರಿಸಿದರೆಂದು ಭಾವಿಸೋಣ. ಕಂಪ್ಯೂಟರಿನ ಪರದೆಯ ಮೇಲೆ ಕೇಸರಿ ಥಳಥಳಿಸುತ್ತಿತ್ತು. ಅಚ್ಚಾಗಿ ಬಂದ ಸಾವಿರ ಪ್ರತಿಗಳಲ್ಲಿ ಅದು ಮಂಕಾಗಿ ಇಟ್ಟಿಗೆಯ ಬಣ್ಣದ ಕಡೆಗೆ ವಾಲಿದೆ. ವಿದ್ಯಾರ್ಥಿಗಳು ಮುದ್ರಕರನ್ನು ದೂರುವರು. ಮುದ್ರಕರು, 'ನೀವು ಕೊಟ್ಟ ಫೈಲಿನಂತೆಯೇ ಅಚ್ಚು ಹಾಕಿದ್ದೇವೆ' ಎನ್ನುವರು. ತಪ್ಪು ಯಾರದು?

ಪರದೆಯು ತಾನೇ ಬೆಳಕನ್ನು ಸೂಸುವುದು. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸಿ ಅದು ಬಣ್ಣಗಳನ್ನು ತೋರಿಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲಿನ ಶಾಯಿಯು ಬಿದ್ದ ಬೆಳಕಿನಲ್ಲಿ ಒಂದು ಭಾಗವನ್ನು ನುಂಗಿ, ಉಳಿದುದನ್ನು ಹಿಂದಿರುಗಿಸುವುದು. ಸಯಾನ್ ಶಾಯಿ ಕೆಂಪನ್ನೂ, ಮಜೆಂಟಾ ಹಸಿರನ್ನೂ, ಹಳದಿ ನೀಲಿಯನ್ನೂ ನುಂಗುತ್ತವೆ. ಈ ಮೂರನ್ನೂ ಬೆರೆಸಿದರೆ ಕಪ್ಪಾಗಬೇಕು. ನಿಜವಾದ ಶಾಯಿಗಳಲ್ಲಿ ಕೆಸರಿನಂಥ ಕಂದು ಬರುವುದರಿಂದ ನಾಲ್ಕನೆಯದಾಗಿ ಕಪ್ಪು ಶಾಯಿಯನ್ನು ಸೇರಿಸುವರು. ಒಂದು ಕೂಡುವ ಲೆಕ್ಕ, ಇನ್ನೊಂದು ಕಳೆಯುವ ಲೆಕ್ಕ. ಆದುದರಿಂದ ಪರದೆ ತೋರಿಸಬಲ್ಲ ಎಲ್ಲ ಬಣ್ಣಗಳನ್ನೂ ಶಾಯಿಯು ತೋರಿಸಲಾರದು.

ಇವೆರಡಕ್ಕೂ ಸಾಮಾನ್ಯವಾದ ಅಳತೆ ಬೇಡವೆ? ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಕೋಶಗಳು ಮೂರು ಬಗೆ. ಆದುದರಿಂದ ಯಾವ ಬಣ್ಣವನ್ನಾದರೂ ಮೂರು ಸಂಖ್ಯೆಗಳಿಂದ ಹೇಳಬಹುದು. ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬ ವಿಜ್ಞಾನಿಗಳು ಒಟ್ಟು 17 ಮಂದಿಯ ದೃಷ್ಟಿಯನ್ನು ಪರೀಕ್ಷಿಸಿ ಪಡೆದ ಫಲಿತಾಂಶಗಳ ಆಧಾರದ ಮೇಲೆ, ಅಂತರರಾಷ್ಟ್ರೀಯ ದೀಪನ ಆಯೋಗವು 1931ರಲ್ಲಿ ಇಂಥ ಸಂಖ್ಯಾಪದ್ಧತಿಯೊಂದನ್ನು ನಿಗದಿಪಡಿಸಿತು.

ಈ ಪದ್ಧತಿಯ ಬಹು ಸುಂದರವಾದ ಉಪಯೋಗವೊಂದು ನಮ್ಮ ಧ್ವಜದಲ್ಲಿಯೇ ಇದೆ. ಭಾರತೀಯ ಮಾನಕಗಳ ಸಾಲಿನಲ್ಲಿ ಕ್ರಮಸಂಖ್ಯೆ 1 ರಾಷ್ಟ್ರಧ್ವಜಕ್ಕೆ ಮೀಸಲು. 1951ರಲ್ಲಿ ಹೊರಬಂದು 1968ರಲ್ಲಿ ಪರಿಷ್ಕೃತವಾದ ಈ ಮಾನಕವು ಕೇಸರಿಗೆ 0.538, 0.360 ಎಂಬ ಎರಡು ಸಂಖ್ಯೆಗಳನ್ನೂ 21.5 ಎಂಬ ಪ್ರಕಾಶವನ್ನೂ ಗೊತ್ತುಮಾಡಿದೆ. ಹಸಿರಿಗೆ 0.288, 0.395 ಮತ್ತು 8.9. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ತಯಾರಿಸುವ ಖಾದಿ ಧ್ವಜಗಳು ಒಪ್ಪಬೇಕಾದುದು ಈ ಮಾನಕಕ್ಕೆ.

ಈ ಸಂಖ್ಯೆಗಳ ಅರ್ಥವೇನು? ಮೊದಲಿನ ಎರಡು, ಸ್ಥೂಲವಾಗಿ, ಬಣ್ಣದಲ್ಲಿ ಕೆಂಪಿನ ಮತ್ತು ಹಸಿರಿನ ಪಾಲುಗಳು. ಮೂರು ಪಾಲುಗಳ ಮೊತ್ತ 1 ಆಗಬೇಕಾದುದರಿಂದ ಕೇಸರಿಯಲ್ಲಿ ನೀಲಿಗೆ ಉಳಿಯುವುದು 0.102 ಮಾತ್ರ. ಪ್ರಕಾಶವನ್ನು 100ಕ್ಕೆ ಎಷ್ಟೆಂದು ಎಣಿಸುವರು. ಧ್ವಜದ ಕೇಸರಿಯು ಅದರ ಹಸಿರಿನ ಸುಮಾರು 2.4ರಷ್ಟು ಪ್ರಕಾಶವುಳ್ಳದ್ದು.

ಈಗ ಪರದೆಯ ಕೇಸರಿಯನ್ನು ಇದೇ ಅಳತೆಗೋಲಿನಿಂದ ಅಳೆಯೋಣ. ಕಂಪ್ಯೂಟರಿನ ಧ್ವಜಚಿತ್ರಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಕೇಸರಿಯು ಕೆಂಪು 255, ಹಸಿರು 153, ನೀಲಿ 51. ಪರದೆಯ ಬಿಳಿಯನ್ನು 100 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಇದರ ಪ್ರಕಾಶ ಸುಮಾರು 44; ಮಾನಕವು ಹೇಳುವುದರ ಇಮ್ಮಡಿ! ಮಂಕೆಂದು ದೂರಿಸಿಕೊಂಡ ಅಚ್ಚಿನ ಬಣ್ಣವೇ ನಿಜವಾದ ಧ್ವಜಕ್ಕೆ ಹೆಚ್ಚು ಹತ್ತಿರವಿದ್ದರೂ ಇರಬಹುದು. ಅಳೆಯದೆ ಇದನ್ನು ಹೇಳುವಂತಿಲ್ಲ.

ಇನ್ನೊಂದು ತೊಡಕಿದೆ. ಸೀರೆ ಕೊಳ್ಳುವವರು ಅದನ್ನು ಅಂಗಡಿಯ ಬಾಗಿಲಿಗೆ ತಂದು ಹಗಲಿನ ಬೆಳಕಿನಲ್ಲಿ ನೋಡುವುದನ್ನು ಎಲ್ಲರೂ ಬಲ್ಲರು. ಇದು ಬರಿಯ ಸಂಶಯದ ಸ್ವಭಾವವಲ್ಲ, ಒಳ್ಳೆಯ ಭೌತವಿಜ್ಞಾನ. ದೀಪದ ಕೆಳಗೆ ಒಂದೇ ಆಗಿ ಕಂಡ ಸೀರೆ ಮತ್ತು ರವಿಕೆಯ ಬಣ್ಣಗಳು ಬಿಸಿಲಿನಲ್ಲಿ ಬೇರೆಯಾಗಬಹುದು. ಏಕೆಂದರೆ ಅವುಗಳ ಮೇಲೆ ಬೀಳುವ ಬೆಳಕಿನಲ್ಲಿ ಅಲೆಯುದ್ದಗಳ ಹಂಚಿಕೆ ಬದಲಾಗಿರುತ್ತದೆ. ಆದುದರಿಂದ ಬೆಳಕನ್ನು ಹೆಸರಿಸದೆ ಕೊಟ್ಟ ಸಂಖ್ಯೆಗೆ ಅರ್ಥವಿಲ್ಲ. ಧ್ವಜದ ಮಾನಕವು ಸಿ ಎಂಬ ಹಗಲುಬೆಳಕನ್ನು ಹೇಳುವುದು. ಮುದ್ರಣದವರು ಸುಮಾರು 5000 ಕೆಲ್ವಿನ್ ಉಷ್ಣತೆಯ ಡಿ50 ಎಂಬ ಬೆಳಕನ್ನು ಒಪ್ಪಿದ್ದಾರೆ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಪರಿವರ್ತಿಸಿಯೇ ಬಳಸಬೇಕು.

ಕಾಗದವೂ ತನ್ನ ಪಾಲನ್ನು ಕೇಳುವುದು. ಅಚ್ಚಿನ ಚಿತ್ರವು ಸಣ್ಣ ಚುಕ್ಕೆಗಳಿಂದಾದುದು. ಶಾಯಿ ಹರಡುವುದರಿಂದಲೂ ಕಾಗದದೊಳಗೆ ಬೆಳಕು ಚದರುವುದರಿಂದಲೂ ಚುಕ್ಕೆ ದೊಡ್ಡದಾಗಿ ಕಾಣುವುದು. ಫೈಲಿನಲ್ಲಿ ಶೇಕಡಾ 50 ಇದ್ದದ್ದು ನುಣುಪು ಕಾಗದದ ಮೇಲೆ ಸುಮಾರು 65ರಷ್ಟಾಗುವುದು; ಒರಟು ಕಾಗದದಲ್ಲಿ ಇನ್ನೂ ಹೆಚ್ಚು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಪ್ಲೇಟು ಮಾಡಬೇಕು.

ಇಷ್ಟನ್ನೂ ಕ್ರಮಪಡಿಸುವುದಕ್ಕಾಗಿ ಆಫ್‌ಸೆಟ್ ಮುದ್ರಣಕ್ಕೆ 12647-2 ಎಂಬ ಅಂತರರಾಷ್ಟ್ರೀಯ ಮಾನಕವು 1996ರಲ್ಲಿ ಹುಟ್ಟಿತು. ಅಚ್ಚಿಗೆ ಮುಂಚೆ ತೆಗೆಯುವ ಪ್ರೂಫಿಗೆ 12647-7 ಎಂಬುದಿದೆ. ಸ್ಪೆಕ್ಟ್ರೋಫೋಟೋಮೀಟರಿನಿಂದ ಬಣ್ಣದ ಪಟ್ಟಿಗಳನ್ನು ಅಳೆದು, ಬೇಕಾದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ಅಂತರವನ್ನು ಡೆಲ್ಟಾ-ಇ ಎಂಬ ಒಂದೇ ಸಂಖ್ಯೆಯಲ್ಲಿ ಹೇಳುವರು. ಈ ಅಂತರ 1ರ ಆಸುಪಾಸಿನಲ್ಲಿದ್ದರೆ ಕಣ್ಣಿಗೆ ಅದು ಗೊತ್ತಾಗುವುದೇ ಕಷ್ಟ. ಮೂಲಶಾಯಿಗಳ ಗಟ್ಟಿಬಣ್ಣಕ್ಕೆ ಆಫ್‌ಸೆಟ್ ಮಾನಕವು ಸಾಮಾನ್ಯವಾಗಿ 5ರವರೆಗೆ ರಿಯಾಯಿತಿ ಕೊಡುತ್ತದೆ.

ಹೀಗಿರುವಲ್ಲಿ ನಮ್ಮ ವಿದ್ಯಾರ್ಥಿಗಳೂ ಮುದ್ರಕರೂ ಮಾಡಬೇಕಾಗಿದ್ದುದು ಇಷ್ಟೆ: ಅಚ್ಚಿಗೆ ಮುನ್ನ ಆ ಕಾಗದಕ್ಕೆ ಹೊಂದುವಂತೆ ಒಂದು ಪ್ರೂಫ್ ತೆಗೆದು, ಒಪ್ಪಿದ ಬೆಳಕಿನಲ್ಲಿ ಇಬ್ಬರೂ ಕೂಡಿ ನೋಡಿ, ಅದಕ್ಕೆ ಸಹಿ ಹಾಕುವುದು. ಆ ಹಾಳೆಯೇ ಇಬ್ಬರ ನಡುವಣ ಕರಾರುಪತ್ರ. ಅಚ್ಚಾದ ಪ್ರತಿಯನ್ನು ಹೋಲಿಸಬೇಕಾದುದು ಅದರೊಡನೆ. ಹೊಳೆಯುವ ಪರದೆಯೊಡನೆ ಅಲ್ಲ.