ದೇವರಾಯನದುರ್ಗದ ಕಾಡಿಗೆ ಹೋಗುವ ಮುನ್ನ

ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ, ಅಲ್ಲಿಗೆ ಹೊಸದಾಗಿ ಬಂದು ನೆಲೆಸಿದ ಕುಟುಂಬಗಳಿಗೆ, ರಜೆಯ ದಿನ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಎದ್ದಾಗ ಬೆಂಗಳೂರಿನ ಮಾಲ್‌ಗಳೇ ಮೊದಲು ನೆನಪಾಗುತ್ತವೆ. ಅದಕ್ಕಿಂತ ಹತ್ತಿರದಲ್ಲಿ, ತುಮಕೂರಿನ ಮಗ್ಗುಲಲ್ಲೇ, ಸುಮಾರು 42 ಚದರ ಕಿಲೋಮೀಟರ್ ವಿಸ್ತಾರದ ರಕ್ಷಿತ ಕಾಡಿದೆ. ದೇವರಾಯನದುರ್ಗ ಎಂದರೆ ನರಸಿಂಹಸ್ವಾಮಿಯ ಬೆಟ್ಟ ಎಂದಷ್ಟೇ ತಿಳಿದವರು ಬಹಳ. ಕಾರಿನಲ್ಲಿ ಹತ್ತಿ, ಕೈಮುಗಿದು, ಪುಳಿಯೋಗರೆ ತಿಂದು ಇಳಿದುಬಿಡುತ್ತಾರೆ. ದೇವರಿಗೆ ಕೊಟ್ಟಷ್ಟೇ ಹೊತ್ತನ್ನು ಕಾಡಿಗೂ ಕೊಡಿ ಎಂದು ಕೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾರಿ ಸುಲಭ. ಹೆದ್ದಾರಿ ಹಿಡಿದು ತುಮಕೂರಿಗೆ ಬನ್ನಿ. ಅಲ್ಲಿಂದ ಬೆಳಗುಂಬದ ಮೇಲೆ ನಾಮದ ಚಿಲುಮೆ, ಆಮೇಲೆ ಬೆಟ್ಟ. ತುಮಕೂರಿನಿಂದ ಬೆಟ್ಟಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸು. ಬೆಂಗಳೂರು ಕಡೆಯಿಂದ ಬರುವ ನೆಂಟರಿಗೆ ಡಾಬಸ್‌ಪೇಟೆ, ಊರ್ಡಿಗೆರೆ ದಾರಿ ಹತ್ತಿರ. ತುಮಕೂರಿನಿಂದ ಬಸ್ಸಿಗೆ ಬರುವವರು ವಾಪಸ್ ಬಸ್ ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ನಿಮ್ಮ ವಾರದ ರಜೆ ಭಾನುವಾರ ಬಿಟ್ಟು ಬೇರೆ ದಿನ ಬೀಳುವುದಾದರೆ ಅದು ಭಾಗ್ಯವೆಂದೇ ತಿಳಿಯಿರಿ. ಭಾನುವಾರದ ಗದ್ದಲದಲ್ಲಿ ಹಕ್ಕಿಯ ದನಿ ಕೇಳುವುದು ಕಷ್ಟ.

ಮೊದಲು ನಾಮದ ಚಿಲುಮೆಯಲ್ಲಿ ಇಳಿಯಿರಿ. ವನವಾಸದಲ್ಲಿದ್ದ ರಾಮ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟ, ಅಲ್ಲಿ ನೀರು ಚಿಮ್ಮಿತು ಎಂಬುದು ಸ್ಥಳಪುರಾಣ. ಚಿಲುಮೆ ನೋಡಲು ತೀರಾ ಚಿಕ್ಕದು. ಬಂಡೆಯ ಕಿರಿದಾದ ರಂಧ್ರದಲ್ಲಿ ತಿಳಿನೀರು, ಅಷ್ಟೇ. ಇಷ್ಟಕ್ಕೇ ಬಂದೆವೇ ಎಂದು ಮಕ್ಕಳು ಮುಖ ಸಣ್ಣದು ಮಾಡಿದರೆ ಆ ನೀರು ಎಲ್ಲಿಂದ ಬರುತ್ತದೆಂದು ಹೇಳಿ. ಮೇಲಿನ ಬೋಳು ಬಂಡೆಗಳ ಮೇಲೆ ಬಿದ್ದ ಮಳೆ ಇಳಿಜಾರಿಗೆ ಜಾರುತ್ತದೆ. ಅಲ್ಲಿನ ಮರಗಿಡಗಳ ಬೇರು, ನೆಲದ ತರಗು ಅದನ್ನು ತಡೆದು ನಿಲ್ಲಿಸುತ್ತವೆ. ತಡೆದ ನೀರು ಬಂಡೆಯ ಬಿರುಕುಗಳಲ್ಲಿ ನಿಧಾನಕ್ಕೆ ಇಳಿಯುತ್ತಾ ತಗ್ಗಿನಲ್ಲಿ ಒಸರುತ್ತದೆ. ಮೇಲಿನ ಕಾಡು ಹೋದರೆ ಮಳೆನೀರು ಒಂದೇ ದಿನದಲ್ಲಿ ಹರಿದು ಹೋಗುತ್ತದೆ.

ಈ ಲೆಕ್ಕ ಒಂದು ಚಿಲುಮೆಗೆ ಮುಗಿಯುವುದಿಲ್ಲ. ಎರಡು ನದಿಗಳು ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ತೆಂಕಣಕ್ಕೆ ತಿರುಗಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಂತು, ಮದ್ದೂರು ದಾಟಿ ಕಾವೇರಿಯನ್ನು ಸೇರುತ್ತದೆ. ಗುಬ್ಬಿಯ ತೆಂಗಿನ ತೋಟಕ್ಕೂ ಮದ್ದೂರಿನ ಗದ್ದೆಗೂ ಈ ಕಾಡಿನ ಋಣ ಇದೆ. ಇಲ್ಲಿ ಬಿಸಾಡಿದ ಚಿಪ್ಸ್ ಪೊಟ್ಟಣ ನದಿಯ ತಲೆಯಲ್ಲೇ ಬೀಳುತ್ತದೆ. ಒಂದು ಖಾಲಿ ಚೀಲ ಜೊತೆಗಿರಲಿ, ನಿಮ್ಮ ಕಸ ನಿಮ್ಮೊಡನೆ ತುಮಕೂರಿಗೆ ವಾಪಸ್ ಬರಲಿ.

ಚಿಲುಮೆಯ ಎದುರಿಗೆ, ರಸ್ತೆಯಾಚೆ, ಹಳೆಯ ಅರಣ್ಯ ಬಂಗಲೆಯೊಂದರ ಅವಶೇಷವಿದೆ. ಪಕ್ಷಿತಜ್ಞ ಸಲೀಂ ಅಲಿ ತಂಗಿದ್ದ ಜಾಗ ಅದು. ಬೆಳಿಗ್ಗೆ ಏಳರೊಳಗೆ ಅಲ್ಲಿ ಸದ್ದಿಲ್ಲದೆ ನಿಂತರೆ ಅವರು ಇಲ್ಲಿಗೆ ಏಕೆ ಬಂದರೆಂದು ಯಾರೂ ಹೇಳಬೇಕಾಗಿಲ್ಲ. ಉದ್ದ ಬಾಲದ ಬಾಲದಂಡೆ, ಮರಕುಟಿಗ, ಚಳಿಗಾಲಕ್ಕೆ ವಲಸೆ ಬರುವ ನವರಂಗ ಕಾಣಸಿಗುತ್ತವೆ. ಹಕ್ಕಿ ಹವ್ಯಾಸಿಗಳು ದೂರದೂರದಿಂದ ಬರುವುದು ಮಾತ್ರ ಹಳದಿ ಕೊರಳಿನ ಪಿಕಳಾರಕ್ಕಾಗಿ. ದಕ್ಷಿಣ ಭಾರತದ ಬಂಡೆ ಬೆಟ್ಟಗಳ ಕುರುಚಲು ಕಾಡು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ, ಅಳಿವಿನಂಚಿಗೆ ಸರಿಯುತ್ತಿರುವ ಹಕ್ಕಿ ಅದು. ಬಂಡೆಯ ಸಂದಿನ ಪೊದೆಗಳ ಕಡೆ ಕಣ್ಣಿಡಿ. ಮೊಬೈಲಿನಲ್ಲಿ ಅದರ ಕೂಗನ್ನು ಹಾಕಿ ಕರೆಯಬೇಡಿ, ಗೂಡು ಕಟ್ಟುವ ಕಾಲದಲ್ಲಂತೂ ಬೇಡವೇ ಬೇಡ.

ಮಲೆನಾಡಿನ ಹಾಗೆ ಕತ್ತಲು ಕವಿದ ಹಸಿರನ್ನು ಇಲ್ಲಿ ನಿರೀಕ್ಷಿಸಬಾರದು. ಇದು ಎಲೆ ಉದುರಿಸುವ ಒಣ ಕಾಡು. ಜಾಲಾರಿ, ದಿಂಡಿಗ, ಮುತ್ತುಗ, ಕಕ್ಕೆ, ಅಲ್ಲಲ್ಲಿ ಶ್ರೀಗಂಧ. ನನಗೆ ಇವುಗಳಲ್ಲಿ ಜಾಲಾರಿಯೇ ಹೆಚ್ಚು ಇಷ್ಟ. ಬೇಸಿಗೆ ತಲೆಹಾಕುವ ಹೊತ್ತಿಗೆ ಕೆನೆ ಬಣ್ಣದ ಹೂ ಬಿಟ್ಟು ಇಳಿಜಾರಿಗೆಲ್ಲ ಪರಿಮಳ ಹರಡುತ್ತದೆ. ಆಮೇಲೆ ಬರುವ ಕಾಯಿಯನ್ನು ನೆಲದಿಂದ ಎತ್ತಿ ನೋಡಿ: ಮೂರು ಉದ್ದದ ರೆಕ್ಕೆ, ಎರಡು ಗಿಡ್ಡ ರೆಕ್ಕೆ. ಗಾಳಿಗೆ ಗಿರಗಿರ ತಿರುಗುತ್ತಾ ತಾಯಿಮರದಿಂದ ದೂರ ಹೋಗಿ ಬೀಳುತ್ತದೆ. ಬೀಜದ ಜೀವ ಕೆಲವೇ ದಿನ. ಅಷ್ಟರಲ್ಲಿ ಮುಂಗಾರು ಪೂರ್ವದ ಮಳೆ ಬಿದ್ದರೆ ಮೊಳಕೆ, ಇಲ್ಲವಾದರೆ ಇಲ್ಲ. ಅಂಥ ಹೊತ್ತಿನಲ್ಲಿ ಯಾರೋ ಎಸೆದ ಬೀಡಿ ತುಂಡಿನಿಂದ ತರಗು ಹೊತ್ತಿಕೊಂಡರೆ ಆ ವರ್ಷದ ಮೊಳಕೆಯೆಲ್ಲ ಬೂದಿ. ಫೆಬ್ರುವರಿಯಿಂದ ಮಳೆ ಬೀಳುವವರೆಗೂ ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ.

ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಬೆಟ್ಟದ ಮೇಲಿನ ಕೋಟೆಯನ್ನು ಗೆದ್ದು ಮೈಸೂರಿಗೆ ಸೇರಿಸಿದವನು ಚಿಕ್ಕದೇವರಾಜ ಒಡೆಯ. ಮೇಲಿನವರೆಗೆ ವಾಹನ ಹೋಗುತ್ತದೆ, ಕೊನೆಗೆ ಮೆಟ್ಟಿಲು. ಹತ್ತುವಾಗ ಪಕ್ಕದ ಬಂಡೆಗಳನ್ನು ಗಮನಿಸಿ. ಕೆಲವುಗಳಲ್ಲಿ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು ಎದ್ದು ಕಾಣುತ್ತವೆ. ಇದು ಜ್ವಾಲಾಮುಖಿಯೇ ಎಂದು ಕೇಳುವವರಿದ್ದಾರೆ. ಅಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ಶಿಲಾರಸ ಉಕ್ಕಿ ಹೊರಬರದೆ ನೆಲದೊಳಗೇ ನಿಧಾನವಾಗಿ ತಣ್ಣಗಾಗಿ ಆದ ಗ್ರಾನೈಟ್ ಇದು. ನಿಧಾನಕ್ಕೆ ಆರಿದ್ದರಿಂದಲೇ ಹರಳು ಇಷ್ಟು ದಪ್ಪ. ನಿಜವಾದ ಲಾವಾ ನೋಡಬೇಕಿದ್ದರೆ ಇದೇ ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆ ಹೋಗಿ: ಅಲ್ಲಿಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ.

ಕೋತಿಗಳಿಗೆ ಏನನ್ನೂ ಕೊಡಬೇಡಿ. ಕೊಟ್ಟು ಕೊಟ್ಟು ಅವು ಕಾಡಿನ ಹಣ್ಣು ಮರೆತು ರಸ್ತೆಗೆ ಬಂದು ಕೂತಿವೆ, ಗಾಡಿಗೆ ಸಿಕ್ಕಿ ಸಾಯುತ್ತವೆ. ಇದು ಚಿರತೆ, ಕರಡಿಗಳ ಮನೆ. ಕಾಡೊಳಗಿನ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ, ಹಾರ್ನ್ ಬೇಡ, ಕತ್ತಲಾಗುವ ಮೊದಲೇ ಬೆಳಗುಂಬ ದಾಟಿರಿ. ರಸ್ತೆ ಬಿಟ್ಟು ಕಾಡೊಳಗೆ ಚಾರಣ ಹೋಗಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ.

ಕಾಲ ಯಾವುದು? ಅಕ್ಟೋಬರಿನಿಂದ ಫೆಬ್ರುವರಿ ಹಕ್ಕಿಗಳಿಗೆ, ನಡಿಗೆಗೆ ಒಳ್ಳೆಯದು. ಜಾಲಾರಿ ಹೂವಿಗಾದರೆ ಮಾರ್ಚ್ ಸುಮಾರಿಗೆ ಬನ್ನಿ. ಆದರೆ ಫಾಲ್ಗುಣದ ರಥೋತ್ಸವದ ದಿನ ಜನಸಾಗರ ಇರುತ್ತದೆಂಬುದು ನೆನಪಿರಲಿ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಇನ್ನೊಂದು ರಜೆ ಸಿಕ್ಕರೆ ಶಿಂಷೆಯ ಬೆನ್ನು ಹಿಡಿದು ಕಡಬಕ್ಕೆ, ಅಲ್ಲಿಂದ ಮಾರ್ಕೋನಹಳ್ಳಿಗೆ ಹೋಗಿ. ಜಲಾಶಯ ತುಂಬಿದಾಗ ಹೆಚ್ಚಿನ ನೀರನ್ನು ತಾವಾಗಿಯೇ ಹೊರಹಾಕುವ ಸೈಫನ್‌ಗಳಿಗೆ ಆ ಅಣೆಕಟ್ಟೆ ಹೆಸರುವಾಸಿ. ಅವು ಕೆಲಸ ಮಾಡುವುದನ್ನು ಕಾಣಬೇಕಾದರೆ ಒಳ್ಳೆಯ ಮಳೆಯಾದ ವರ್ಷ, ಜಲಾಶಯ ತುಂಬಿದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಹೊರಡಿ.